ಯಾವ ಮತದಾನ ಪದ್ಧತಿಗಾಗಿ ಮಾತಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರದ ಕಡೆ ಸಂಘಗಳ ಸಭೆಯಲ್ಲಿ, ಪತ್ರಗಳಲ್ಲಿ, ಚಹಾದ ಹೊತ್ತಿನ ಮಾತಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲ ಪ್ರಶ್ನೆಗಳು

ಯಾರಿಗೆ ಜಾಸ್ತಿ ಬಿತ್ತೋ ಅವರು ಗೆದ್ದರು. ಇದರಲ್ಲಿ ಪದ್ಧತಿ ಅಂತ ಬೇರೆ ಏನಿದೆ?

"ಜಾಸ್ತಿ" ಎನ್ನುವುದನ್ನು ಹೇಗೆ ಅಳೆಯುತ್ತೇವೆ ಎನ್ನುವುದೇ ಪದ್ಧತಿ. ಒಂದು ಲೆಕ್ಕ ನೋಡಿ. ಜಿಲ್ಲೆಯ ಒಂದು ಸಂಘದಲ್ಲಿ 100 ಸದಸ್ಯರಿದ್ದಾರೆ ಎಂದುಕೊಳ್ಳಿ. ವಾರ್ಷಿಕ ಸಭೆ ಕಾರವಾರದಲ್ಲೋ, ಕುಮಟಾದಲ್ಲೋ, ಶಿರಸಿಯಲ್ಲೋ ಎಂದು ತೀರ್ಮಾನಿಸಬೇಕು.

40 ಜನರಿಗೆ ಕಾರವಾರ ಬೇಕು, ಅದಾಗದಿದ್ದರೆ ಕುಮಟಾ, ಶಿರಸಿ ಬೇಡವೇ ಬೇಡ. ಘಟ್ಟದ ಮೇಲಿನ 36 ಜನರಿಗೆ ಮೊದಲು ಶಿರಸಿ, ಆಮೇಲೆ ಕುಮಟಾ, ಕೊನೆಗೆ ಕಾರವಾರ. ಉಳಿದ 24 ಜನರಿಗೆ ಕುಮಟಾವೇ ಮೊದಲು. ಅವರಲ್ಲಿ 16 ಜನರ ಎರಡನೇ ಆಯ್ಕೆ ಶಿರಸಿ, 8 ಜನರದು ಕಾರವಾರ.

ಎಲ್ಲರೂ ಒಂದೊಂದೇ ವೋಟು ಹಾಕಿದರೆ 40 ಮತದಿಂದ ಕಾರವಾರ ಗೆಲ್ಲುತ್ತದೆ. ಕೊನೆಯ ಸ್ಥಾನದಲ್ಲಿರುವ ಕುಮಟಾವನ್ನು ಬಿಟ್ಟು ಎರಡನೇ ಸುತ್ತು ನಡೆಸಿದರೆ ಶಿರಸಿಗೆ 52, ಕಾರವಾರಕ್ಕೆ 48. ಗೆದ್ದದ್ದು ಶಿರಸಿ. ಇನ್ನು ಊರುಗಳನ್ನು ಎರಡೆರಡಾಗಿ ಎದುರುಬದುರು ನಿಲ್ಲಿಸಿ ನೋಡಿ. ಕುಮಟಾ ಕಾರವಾರವನ್ನು 60-40ರಲ್ಲಿ ಸೋಲಿಸುತ್ತದೆ, ಶಿರಸಿಯನ್ನು 64-36ರಲ್ಲಿ. ಗೆದ್ದದ್ದು ಕುಮಟಾ.

ಅದೇ ಜನ, ಅದೇ ಮನಸ್ಸು, ಮೂರು ಬೇರೆ ಫಲಿತಾಂಶ. ಯಾರೂ ಮೋಸ ಮಾಡಿಲ್ಲ. ಎಣಿಕೆಯ ರೀತಿ ಬೇರೆ, ಅಷ್ಟೇ.

ನಮ್ಮ ದೇಶದಲ್ಲಿ ಒಂದೇ ಪದ್ಧತಿ ಇರೋದು ತಾನೇ?

ಅಲ್ಲ. ಹಲವು ಪದ್ಧತಿಗಳು ಈಗಲೇ ನಮ್ಮ ಕೈಯಲ್ಲಿವೆ. ಲೋಕಸಭೆಗೆ, ವಿಧಾನಸಭೆಗೆ ಒಬ್ಬರಿಗೆ ಒಂದು ಗುರುತು. ರಾಷ್ಟ್ರಪತಿ ಚುನಾವಣೆ ಮತ್ತು ರಾಜ್ಯಸಭೆಗೆ ಪ್ರಾಶಸ್ತ್ಯ ಮತ, ಅಂದರೆ 1, 2, 3 ಎಂದು ಬರೆಯುವುದು. ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ ಮತ್ತು ಪಶ್ಚಿಮ ಶಿಕ್ಷಕರ ಕ್ಷೇತ್ರಗಳಲ್ಲಿ ಧಾರವಾಡ, ಗದಗ, ಹಾವೇರಿ ಜೊತೆ ನಮ್ಮ ಉತ್ತರ ಕನ್ನಡವೂ ಸೇರಿದೆ. ಅಲ್ಲಿಯೂ ಪ್ರಾಶಸ್ತ್ಯ ಮತವೇ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಹೀಗೇ ವೋಟು ಹಾಕುತ್ತಾರೆ.

ಒಂದಕ್ಕಿಂತ ಹೆಚ್ಚು ಸ್ಥಾನವಿರುವ ಪಂಚಾಯಿತಿ ವಾರ್ಡಿನಲ್ಲಿ ಸ್ಥಾನಗಳಿದ್ದಷ್ಟು ವೋಟು ಹಾಕಬಹುದು. ಸಹಕಾರಿ ಸಂಘಗಳ ಆಡಳಿತ ಮಂಡಳಿಗೂ ಹೆಚ್ಚುಕಡಿಮೆ ಇದೇ ರೀತಿ. ಹಳೆಯ ಒಂದು ಸಂಗತಿಯೂ ಇದೆ. 1951-52 ಮತ್ತು 1957ರ ಮಹಾ ಚುನಾವಣೆಗಳಲ್ಲಿ ಇಬ್ಬರು ಸದಸ್ಯರ ಕ್ಷೇತ್ರಗಳಿದ್ದವು. ಅಲ್ಲಿನ ಮತದಾರರಿಗೆ ಎರಡು ವೋಟು. 1961ರ ಕಾನೂನಿನಿಂದ ಅವು ನಿಂತವು. ಹಾಗಾಗಿ ಒಂದಕ್ಕಿಂತ ಹೆಚ್ಚು ಗುರುತು ಹಾಕುವುದು ನಮ್ಮ ಜನರಿಗೆ ಹೊಸದೇನಲ್ಲ.

ಈಗಿನ ಪದ್ಧತಿ ಎಪ್ಪತ್ತು ವರ್ಷದಿಂದ ನಡೀತಾ ಇದೆ. ತೊಂದರೆ ಏನು?

ಒಳ್ಳೆಯದನ್ನು ಮೊದಲು ಹೇಳಬೇಕು. ಅದು ಎಲ್ಲರಿಗೂ ಅರ್ಥವಾಗುತ್ತದೆ. ಎಣಿಸುವುದು ಸುಲಭ. ಸೋತವರು ಸಾಮಾನ್ಯವಾಗಿ ಮನೆಗೆ ಹೋಗುತ್ತಾರೆ, ಗೆದ್ದವರು ಕುರ್ಚಿಗೆ ಬರುತ್ತಾರೆ. ಇದನ್ನು ನಾನು ಸಣ್ಣ ಸಾಧನೆ ಎಂದುಕೊಂಡಿಲ್ಲ.

ತೊಂದರೆ ಬರುವುದು ಮೂರನೆಯವರು ಕಣಕ್ಕೆ ಇಳಿದಾಗ. 2023ರಲ್ಲಿ ಕುಮಟಾ ವಿಧಾನಸಭಾ ಕ್ಷೇತ್ರದಲ್ಲಿ ಬಿಜೆಪಿಯ ದಿನಕರ ಶೆಟ್ಟಿ ಅವರು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ ಅವರಿಗಿಂತ 700ಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದರು. ಮೂರನೇ ಸ್ಥಾನಕ್ಕೆ ಬಂದ ಕಾಂಗ್ರೆಸ್ ಅಭ್ಯರ್ಥಿಗೆ ಆ ಅಂತರದ ಹಲವು ಪಟ್ಟು ಮತ ಬಿದ್ದಿತ್ತು. ಆ ಮತದಾರರಿಗೆ ಉಳಿದ ಇಬ್ಬರಲ್ಲಿ ಯಾರು ವಾಸಿ ಎಂದು ಮತಯಂತ್ರ ಕೇಳಲೇ ಇಲ್ಲ. ಕೇಳಿದ್ದರೆ ಇದೇ ಫಲಿತಾಂಶ ಇನ್ನಷ್ಟು ಗಟ್ಟಿಯಾಗಿ ಬರಬಹುದಿತ್ತು, ಬದಲಾಗಲೂಬಹುದಿತ್ತು. ಗೆದ್ದವರ ಮೇಲೆ ಇದರಿಂದ ಯಾವ ಆರೋಪವೂ ಬರುವುದಿಲ್ಲ. ಅವರು ನಿಯಮದಂತೆಯೇ ಗೆದ್ದಿದ್ದಾರೆ.

ಇನ್ನೊಂದು ತೊಂದರೆ ನಮ್ಮ ಮನಸ್ಸಿನೊಳಗೇ ಇದೆ. "ಅವರು ಒಳ್ಳೆಯವರು ಹೌದು, ಆದರೆ ಗೆಲ್ಲೋದಿಲ್ಲ, ವೋಟು ಹಾಳು ಮಾಡಬೇಡ" ಎಂಬ ಮಾತನ್ನು ಕೇಳದ ಊರಿಲ್ಲ. ಹೀಗೆ ಹೇಳಿ ಹೇಳಿ ಒಳ್ಳೆಯವರು ನಿಲ್ಲುವುದನ್ನೇ ಬಿಡುತ್ತಾರೆ. ಬಂಡಾಯ ಅಭ್ಯರ್ಥಿಯನ್ನು ಸುಮ್ಮನಾಗಿಸಲು ರಾತ್ರಿಯೆಲ್ಲ ನಡೆಯುವ ಮಾತುಕತೆ, ಎದುರಾಳಿಯ ವೋಟು ಒಡೆಯಲು ನಿಲ್ಲಿಸುವ ಡಮ್ಮಿ ಅಭ್ಯರ್ಥಿ, ಎರಡೂ ಹುಟ್ಟುವುದು ಇದೇ ನಿಯಮದಿಂದ.

ಹಾಗಾದರೆ ನೋಟಾ ಇದೆಯಲ್ಲ, ಅದು ಸಾಲದಾ?

ಸಾಲದು. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ನೋಟಾ ನಮ್ಮ ಅಸಮಾಧಾನವನ್ನು ದಾಖಲಿಸುತ್ತದೆ. ಅಭ್ಯರ್ಥಿಗಳಲ್ಲಿ ಯಾರು ಗೆಲ್ಲಬೇಕು ಎಂಬುದನ್ನು ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಅದು ಬದಲಿಸುವುದಿಲ್ಲ.

## ಬೇರೆ ಬೇರೆ ಪದ್ಧತಿಗಳು

ಅರ್ಧಕ್ಕಿಂತ ಜಾಸ್ತಿ ಬರೋ ತನಕ ಎರಡನೇ ಸುತ್ತು ಮಾಡಿದರೆ ಆಯ್ತಲ್ಲ?

ಫ್ರಾನ್ಸ್‌ನಲ್ಲಿ ಅಧ್ಯಕ್ಷರನ್ನು ಆರಿಸುವುದು ಹೀಗೆ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರ ನಡುವೆ ಮತ್ತೆ ಮತದಾನ. ಗೆದ್ದವರ ಹಿಂದೆ ಸ್ಪಷ್ಟ ಬಹುಮತ ಇರುತ್ತದೆ, ಅದು ಇದರ ಲಾಭ.

ಆದರೆ ಮೊದಲ ಸುತ್ತಿನಲ್ಲಿ ವೋಟು ಒಡೆಯುವುದು ತಪ್ಪುವುದಿಲ್ಲ. 2002ರಲ್ಲಿ ಎಡಪಂಥದ ಮತಗಳು ಹಲವು ಅಭ್ಯರ್ಥಿಗಳಲ್ಲಿ ಹಂಚಿಹೋದವು. ಪ್ರಧಾನಿಯಾಗಿದ್ದ ಲಿಯೊನೆಲ್ ಜೋಸ್ಪಾ ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಮೂರನೆಯವರಾದರು. ಎರಡನೇ ಸುತ್ತಿಗೆ ಹೋದವರು ಜಾಕ್ ಶಿರಾಕ್ ಮತ್ತು ತೀವ್ರ ಬಲಪಂಥದ ಝಾನ್ ಮರಿ ಲೆ ಪೆನ್. ನಮ್ಮಲ್ಲಿ ಖರ್ಚಿನ ಮಾತೂ ಇದೆ. ಜೋಯಿಡಾದ ಕಾಡೊಳಗಿನ ಮತಗಟ್ಟೆಗೆ ಸಿಬ್ಬಂದಿಯನ್ನು ಎರಡೆರಡು ಸಲ ಕಳಿಸಬೇಕು, ಜನರೂ ಎರಡೆರಡು ಸಲ ನಡೆದು ಬರಬೇಕು.

ಪದವೀಧರ ಕ್ಷೇತ್ರದಲ್ಲಿ 1, 2, 3 ಅಂತ ಬರೀತೀವಲ್ಲ, ಅದರ ಎಣಿಕೆ ಹೇಗೆ ಮಾರಾಯ್ರೆ?

ಮೊದಲು ತಿರಸ್ಕೃತ ಮತಗಳನ್ನು ತೆಗೆಯುತ್ತಾರೆ. 1 ಎಂಬ ಅಂಕಿ ಇಲ್ಲದ್ದು, ಇಬ್ಬರಿಗೆ 1 ಬರೆದದ್ದು, ಅಂಕಿಯ ಬದಲು ಟಿಕ್ ಹಾಕಿದ್ದು ಎಲ್ಲ ತಿರಸ್ಕೃತ. ಕನ್ನಡದ ೧, ೨ ಬರೆದರೂ ನಡೆಯುತ್ತದೆ, ಆದರೆ "ಒಂದು" ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ. ಉಳಿದ ಮತಗಳ ಅರ್ಧಕ್ಕೆ ಒಂದು ಸೇರಿಸಿದರೆ ಕೋಟಾ. ಮೊದಲ ಪ್ರಾಶಸ್ತ್ಯದಲ್ಲೇ ಯಾರಾದರೂ ಕೋಟಾ ತಲುಪಿದರೆ ಮುಗಿಯಿತು. ಇಲ್ಲದಿದ್ದರೆ ಕೊನೆಯ ಸ್ಥಾನದವರನ್ನು ಕಣದಿಂದ ತೆಗೆದು, ಅವರ ಮತಪತ್ರಗಳನ್ನು ಅದರಲ್ಲಿನ ಮುಂದಿನ ಪ್ರಾಶಸ್ತ್ಯದವರಿಗೆ ಹಂಚುತ್ತಾರೆ. ಎಲಿಮಿನೇಷನ್ ಸುತ್ತು ಎಂದು ಎಣಿಕೆ ಕೇಂದ್ರದಲ್ಲಿ ಹೇಳುವುದು ಇದಕ್ಕೇ.

ಇದು ನಮ್ಮ ದೇಶದ ಚರಿತ್ರೆಯನ್ನೇ ಒಮ್ಮೆ ತೀರ್ಮಾನಿಸಿದೆ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿ, ನೀಲಂ ಸಂಜೀವ ರೆಡ್ಡಿ, ಸಿ.ಡಿ. ದೇಶಮುಖ್ ಪ್ರಮುಖ ಅಭ್ಯರ್ಥಿಗಳು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರು ಮುಂದಿದ್ದರೂ ಕೋಟಾ ಮುಟ್ಟಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆಯೇ ಅವರು ಗೆದ್ದರು. ನೆರೆಯ ಶ್ರೀಲಂಕಾದಲ್ಲಿ 2024ರಲ್ಲಿ ಯಾರಿಗೂ ಅರ್ಧ ದಾಟದೆ, ಅಧ್ಯಕ್ಷ ಚುನಾವಣೆಯಲ್ಲಿ ಮೊದಲ ಬಾರಿಗೆ ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಬೇಕಾಯಿತು. ಅನುರ ಕುಮಾರ ದಿಸ್ಸನಾಯಕೆ ಗೆದ್ದದ್ದು ಹಾಗೆ. ಅಲ್ಲಿ ಮೊದಲ ಇಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಒಟ್ಟಿಗೇ ತೆಗೆದುಬಿಡುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರಾಗಿ.

ಅಷ್ಟು ಒಳ್ಳೆಯದಿದ್ದರೆ ಅದನ್ನೇ ಎಲ್ಲ ಕಡೆ ತರಬಹುದಲ್ಲ?

ನನಗೂ ಆ ಪದ್ಧತಿಯ ಮೇಲೆ ಗೌರವವಿದೆ. ಆಸ್ಟ್ರೇಲಿಯಾದ ಕೆಳಮನೆಗೆ 1918ರಿಂದ ಅದೇ ಇದೆ. ಈಗಿನ ಒಂದೇ ಗುರುತಿಗಿಂತ ಅದು ಖಂಡಿತ ವಾಸಿ. ಆದರೆ ಒಂದೇ ಸ್ಥಾನಕ್ಕೆ ಬಳಸುವಾಗ ಅದರಲ್ಲಿ ಒಂದು ನಿಜವಾದ ಕೊರತೆಯಿದೆ. ಎಲ್ಲರಿಗೂ ಎರಡನೆಯವರಾಗಿ ಒಪ್ಪಿಗೆಯಾಗುವ ವ್ಯಕ್ತಿಗೆ ಮೊದಲ ಪ್ರಾಶಸ್ತ್ಯ ಕಡಿಮೆ ಇದ್ದರೆ ಅವರೇ ಮೊದಲು ಹೊರಗೆ ಹೋಗುತ್ತಾರೆ.

ಕಾರವಾರ, ಕುಮಟಾ, ಶಿರಸಿಯ ಲೆಕ್ಕಕ್ಕೆ ಮತ್ತೆ ಬನ್ನಿ. ಅಲ್ಲಿ ಕುಮಟಾ ಉಳಿದ ಎರಡೂ ಊರುಗಳನ್ನು ಎದುರುಬದುರಿನಲ್ಲಿ ಸೋಲಿಸುತ್ತಿತ್ತು, ಆದರೂ ಮೊದಲು ಹೊರಬಿದ್ದದ್ದು ಅದೇ. ಕಾರವಾರದ 40 ಜನ ಪ್ರಾಮಾಣಿಕವಾಗಿ ಬರೆದದ್ದಕ್ಕೆ ಅವರಿಗೆ ಸಿಕ್ಕಿದ್ದು ಅವರು ಬೇಡವೆಂದ ಶಿರಸಿ. ಅವರಲ್ಲಿ 15 ಜನ ಕಾರವಾರವನ್ನು ಬಿಟ್ಟು ಕುಮಟಾಕ್ಕೆ 1 ಬರೆದಿದ್ದರೆ ಕುಮಟಾಕ್ಕೆ 39, ಶಿರಸಿಗೆ 36, ಕಾರವಾರಕ್ಕೆ 25 ಆಗಿ, ಮುಂದಿನ ಸುತ್ತಿನಲ್ಲಿ ಕುಮಟಾ 64-36ರಲ್ಲಿ ಗೆಲ್ಲುತ್ತಿತ್ತು. ಅಂದರೆ "ವೋಟು ಹಾಳು ಮಾಡಬೇಡ" ಎಂಬ ಮಾತು ಇಲ್ಲಿಯೂ ಪೂರ್ತಿ ಹೋಗಿಲ್ಲ.

ಇದು ಕಾಗದದ ಮೇಲಿನ ಭಯ ಮಾತ್ರ ಅಲ್ಲ. ಅಮೆರಿಕದ ಬರ್ಲಿಂಗ್ಟನ್ ಊರಿನಲ್ಲಿ 2009ರ ಮೇಯರ್ ಚುನಾವಣೆಯಲ್ಲಿ ಹೀಗಾಯಿತು. ಅಲಾಸ್ಕಾದಲ್ಲಿ 2022ರ ಆಗಸ್ಟ್‌ನ ವಿಶೇಷ ಚುನಾವಣೆಯಲ್ಲೂ ಆಯಿತು. ಅಲ್ಲಿ ನಿಕ್ ಬೆಗಿಚ್ ಉಳಿದ ಇಬ್ಬರನ್ನೂ ಒಬ್ಬೊಬ್ಬರಾಗಿ ಸೋಲಿಸಬಲ್ಲವರಾಗಿದ್ದರು ಎಂದು ಮತಪತ್ರಗಳೇ ಹೇಳಿದವು. ಆದರೂ ಮೂವರಲ್ಲಿ ಮೊದಲು ಹೊರಹೋದವರು ಅವರೇ.

ಎಣಿಕೆಯ ತೊಡಕೂ ಇದೆ. ಈಗ ಒಂದೊಂದು ಮತಗಟ್ಟೆಯ ಲೆಕ್ಕವನ್ನು ಕೂಡಿಸಿದರೆ ಒಟ್ಟು ಲೆಕ್ಕ ಬರುತ್ತದೆ. ಪ್ರಾಶಸ್ತ್ಯ ಮತದಲ್ಲಿ ಯಾರನ್ನು ಮೊದಲು ತೆಗೆಯಬೇಕು ಎಂಬುದು ಇಡೀ ಕ್ಷೇತ್ರದ ಲೆಕ್ಕ ಬಂದ ಮೇಲೆಯೇ ತಿಳಿಯುವುದು. ಏಜೆಂಟರು ತಮ್ಮ ಮತಗಟ್ಟೆಯ ಲೆಕ್ಕ ಹಿಡಿದುಕೊಂಡು ಫಲಿತಾಂಶವನ್ನು ತಾಳೆ ನೋಡುವುದು ಕಷ್ಟ.

ಒಪ್ಪಿಗೆ ಮತ ಅಂದರೇನು? ಒಬ್ಬರಿಗೆ ಎರಡು ವೋಟು ಕೊಟ್ಟ ಹಾಗಾಗಲ್ವಾ?

ಮತಪತ್ರ ಈಗಿನದೇ. ನಿಯಮ ಮಾತ್ರ ಬೇರೆ: ನಿಮಗೆ ಒಪ್ಪಿಗೆಯಾಗುವ ಎಲ್ಲರ ಮುಂದೆ ಗುರುತು ಹಾಕಿ. ಒಬ್ಬರಿಗೆ ಹಾಕಬಹುದು, ಮೂವರಿಗೂ ಹಾಕಬಹುದು. ಜಾಸ್ತಿ ಗುರುತು ಪಡೆದವರು ಗೆದ್ದರು. ಸ್ಟೀವನ್ ಬ್ರಾಮ್ಸ್ ಮತ್ತು ಪೀಟರ್ ಫಿಶ್‌ಬರ್ನ್ 1978ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಮೇಲೆ ಇದು ಹೆಚ್ಚು ಚರ್ಚೆಗೆ ಬಂತು.

ಎರಡು ವೋಟು ಕೊಟ್ಟ ಹಾಗಾಗುವುದಿಲ್ಲ. ಪ್ರತಿ ಅಭ್ಯರ್ಥಿಯ ಬಗ್ಗೆಯೂ ಪ್ರತಿ ಮತದಾರರಿಗೆ "ಒಪ್ಪಿಗೆ" ಅಥವಾ "ಇಲ್ಲ" ಎನ್ನುವ ಒಂದೇ ಅವಕಾಶ. ಎಲ್ಲರಿಗೂ ಗುರುತು ಹಾಕಿದವರು ಯಾರನ್ನೂ ಮುಂದೆ ತಂದಂತಾಗುವುದಿಲ್ಲ. ಮೂವರಲ್ಲಿ ಒಬ್ಬರಿಗೆ ಹಾಕಿದವರೂ ಇಬ್ಬರಿಗೆ ಹಾಕಿದವರೂ ತಕ್ಕಡಿಯಲ್ಲಿ ಸಮವೇ.

ನಮ್ಮ 100 ಸದಸ್ಯರಲ್ಲಿ ಕಾರವಾರದವರ ಅರ್ಧ ಜನ, ಶಿರಸಿಯವರ ಅರ್ಧ ಜನ ಕುಮಟಾಕ್ಕೂ ಗುರುತು ಹಾಕಿದರೆ 20, 18 ಮತ್ತು ಕುಮಟಾದವರ ಸ್ವಂತ 24 ಸೇರಿ 62 ಆಗುತ್ತದೆ. ಕುಮಟಾದವರಲ್ಲಿ ಅರ್ಧ ಜನ ತಮ್ಮ ಎರಡನೇ ಊರಿಗೂ ಹಾಕಿದರೆ ಕಾರವಾರಕ್ಕೆ 44, ಶಿರಸಿಗೂ 44. ಇಲ್ಲಿ ನನಗೆ ಬಹಳ ಮುಖ್ಯ ಎನಿಸುವುದು ಒಂದು. ನಿಮಗೆ ಅತಿ ಇಷ್ಟವಾದವರನ್ನು ಕೈಬಿಡಬೇಕಾದ ಸಂದರ್ಭ ಬರುವುದೇ ಇಲ್ಲ. ಅವರಿಗೊಂದು ಗುರುತು ಹಾಕಿ, ಗೆಲ್ಲಬಲ್ಲ ಇನ್ನೊಬ್ಬರಿಗೂ ಹಾಕಬಹುದು.

ಅಮೆರಿಕದ ಫಾರ್ಗೊ ನಗರ 2018ರಲ್ಲಿ ಇದನ್ನು ಒಪ್ಪಿ 2020ರಿಂದ ಬಳಸಿತು. ಸೇಂಟ್ ಲೂಯಿಸ್ 2021ರಲ್ಲಿ ಮೇಯರ್ ಚುನಾವಣೆಯ ಮೊದಲ ಸುತ್ತಿಗೆ ಬಳಸಿತು. ಫಾರ್ಗೊ ಇರುವ ನಾರ್ತ್ ಡಕೋಟಾ ರಾಜ್ಯ 2025ರಲ್ಲಿ ಕಾನೂನು ಮಾಡಿ ಇದನ್ನು ನಿಲ್ಲಿಸಿತು, ಅದನ್ನೂ ಹೇಳಬೇಕು.

ಒಂದನೆಯವರಿಗೆ ಇಷ್ಟು, ಎರಡನೆಯವರಿಗೆ ಇಷ್ಟು ಅಂತ ಅಂಕ ಕೊಟ್ಟರೆ? ಸ್ಪರ್ಧೆಗಳಲ್ಲಿ ಹಾಗೇ ಮಾಡ್ತೇವೆ.

ಹದಿನೆಂಟನೇ ಶತಮಾನದ ಫ್ರಾನ್ಸ್‌ನ ಬೋರ್ಡಾ ಹೇಳಿದ್ದು ಇದನ್ನೇ. ಮೂರು ಊರುಗಳಿದ್ದರೆ ಮೊದಲಿನದಕ್ಕೆ 2, ನಡುವಿನದಕ್ಕೆ 1, ಕೊನೆಯದಕ್ಕೆ 0. ನಮ್ಮ ಲೆಕ್ಕದಲ್ಲಿ ಕುಮಟಾಕ್ಕೆ 124, ಕಾರವಾರ ಮತ್ತು ಶಿರಸಿಗೆ 88. ನೋಡಲು ಚೆನ್ನಾಗಿದೆ.

ಈಗ ಕಾರವಾರದವರು ಕಾಳಿ ನದಿಯಾಚೆಯ ಸದಾಶಿವಗಡದ ಹೆಸರನ್ನೂ ಪಟ್ಟಿಗೆ ಸೇರಿಸುತ್ತಾರೆ ಎಂದುಕೊಳ್ಳಿ. ಎಲ್ಲರೂ ಅದನ್ನು ಕಾರವಾರದ ಬೆನ್ನಿಗೇ ಬರೆಯುತ್ತಾರೆ. ಅಂಕಗಳು ಈಗ 3, 2, 1, 0. ಕೂಡಿಸಿ ನೋಡಿ: ಕಾರವಾರಕ್ಕೆ 188, ಕುಮಟಾಕ್ಕೆ 184, ಶಿರಸಿಗೆ 140, ಸದಾಶಿವಗಡಕ್ಕೆ 88. ಗೆದ್ದದ್ದು ಕಾರವಾರ! ಯಾರ ಮನಸ್ಸೂ ಬದಲಾಗಿಲ್ಲ, ಒಂದು ಡಮ್ಮಿ ಹೆಸರು ಸೇರಿತು, ಅಷ್ಟೇ. ಹಠವಿಲ್ಲದ ತೀರ್ಪುಗಾರರು ಕುಳಿತಿರುವ ಭಾಷಣ ಸ್ಪರ್ಧೆಗೆ ಇದು ಸರಿ. ಪೈಪೋಟಿಯ ಚುನಾವಣೆಗೆ ಬೇಡ.

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ನೋಡೋದೇ ಎಲ್ಲಕ್ಕಿಂತ ನ್ಯಾಯ ಅಲ್ವಾ?

ತರ್ಕಕ್ಕೆ ಹೌದು. ಕೊಂಡೋರ್ಸೆ ಎಂಬ ಫ್ರೆಂಚ್ ಚಿಂತಕ 1785ರಲ್ಲಿ ಇದನ್ನು ಬರೆದ. ಉಳಿದ ಪ್ರತಿಯೊಬ್ಬರನ್ನೂ ನೇರ ಸ್ಪರ್ಧೆಯಲ್ಲಿ ಸೋಲಿಸಬಲ್ಲವರು ಇದ್ದರೆ ಅವರೇ ಗೆಲ್ಲಬೇಕು. ಆದರೆ ಕೆಲವು ಸಲ ಅಂಥವರು ಇರುವುದಿಲ್ಲ ಎಂದೂ ಅವನೇ ತೋರಿಸಿದ. ಮೊದಲನೆಯವರು ಎರಡನೆಯವರನ್ನು, ಎರಡನೆಯವರು ಮೂರನೆಯವರನ್ನು, ಮೂರನೆಯವರು ಮತ್ತೆ ಮೊದಲನೆಯವರನ್ನು ಸೋಲಿಸುವ ಸುತ್ತು ಬರಬಹುದು. ಆಗ ಸುತ್ತನ್ನು ಬಿಡಿಸಲು ಇನ್ನೊಂದು ನಿಯಮ ಬೇಕು. ಡೆಬಿಯನ್ ಸಾಫ್ಟ್‌ವೇರ್ ಯೋಜನೆಯವರು ತಮ್ಮ ನಾಯಕರನ್ನು ಇಂಥ ಪದ್ಧತಿಯಿಂದಲೇ ಆರಿಸುತ್ತಾರೆ. ಅಲ್ಲಿ ಎಣಿಸುವುದು ಕಂಪ್ಯೂಟರ್, ನೋಡುವವರೂ ಗಣಿತ ಬಲ್ಲವರು.

ಆರು ಅಭ್ಯರ್ಥಿಗಳಿದ್ದರೆ 15 ಜೋಡಿಗಳ ಲೆಕ್ಕ ಬೇಕು. ದೇವಸ್ಥಾನದ ಜಗಲಿಯಲ್ಲಿ ಕುಳಿತು ಅದನ್ನು ಎಲ್ಲರ ಮುಂದೆ ಎಣಿಸಿ, ಸುತ್ತು ಬಂದರೆ ಹೇಗೆ ಬಿಡಿಸಿದೆವು ಎಂದು ಸೋತವರಿಗೆ ಮನದಟ್ಟು ಮಾಡಿಸುವುದು ಬಹಳ ಕಷ್ಟದ ಕೆಲಸ.

## ಆಯ್ಕೆಯ ಹೊತ್ತು

ಯಾವ ಪದ್ಧತಿಯೂ ಪೂರ್ತಿ ಸರಿಯಲ್ಲ ಅಂತ ಗಣಿತದಲ್ಲೇ ಸಾಬೀತಾಗಿದೆಯಂತೆ. ಮತ್ಯಾಕೆ ಈ ತಲೆನೋವು?

ಸಾಬೀತಾಗಿರುವುದು ನಿಜ. ಕೆನೆತ್ ಆರೋ 1951ರಲ್ಲಿ ತೋರಿಸಿದ್ದು ಇದು: ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, 1-2-3 ಎಂದು ಸಾಲಾಗಿ ಬರೆದ ಮತಗಳಿಂದ ಊರಿನ ಒಟ್ಟು ಸಾಲನ್ನು ಕಟ್ಟುವ ಯಾವ ಪದ್ಧತಿಯೂ ಕೆಲವು ಸರಳ ನಿರೀಕ್ಷೆಗಳನ್ನು ಒಟ್ಟಿಗೇ ಪೂರೈಸಲಾರದು. ಆಮೇಲೆ 1973ರಲ್ಲಿ ಗಿಬ್ಬಾರ್ಡ್, 1975ರಲ್ಲಿ ಸ್ಯಾಟರ್‌ತ್ವೇಟ್ ಇನ್ನೊಂದನ್ನು ತೋರಿಸಿದರು. ಯಾರದೋ ಒಬ್ಬರ ಮಾತೇ ಅಂತಿಮ ಎಂದು ಮಾಡದ ಹೊರತು, ಒಂದಲ್ಲ ಒಂದು ಸಂದರ್ಭದಲ್ಲಿ ಲೆಕ್ಕಾಚಾರದ ವೋಟಿಗೆ ಜಾಗ ಇದ್ದೇ ಇರುತ್ತದೆ. ಒಪ್ಪಿಗೆ ಮತ ಸಾಲು ಬರೆಸುವುದಿಲ್ಲವಾದ್ದರಿಂದ ಆರೋನ ಮಾತಿನ ವ್ಯಾಪ್ತಿಗೆ ನೇರ ಬರುವುದಿಲ್ಲ, ಆದರೆ ಲೆಕ್ಕಾಚಾರದಿಂದ ಅದೂ ಮುಕ್ತವಲ್ಲ.

ಇದರಿಂದ "ಎಲ್ಲವೂ ಒಂದೇ" ಎಂಬ ತೀರ್ಮಾನಕ್ಕೆ ಬರಲಾಗದು. ಯಾವ ಪದ್ಧತಿ ಎಷ್ಟು ಸಲ ಕೆಡುತ್ತದೆ, ಕೆಟ್ಟಾಗ ಎಷ್ಟು ಕೆಡುತ್ತದೆ ಎಂದು ಕೇಳಬೇಕು. ಅದರಲ್ಲಿ ಪದ್ಧತಿಗಳ ನಡುವೆ ದೊಡ್ಡ ವ್ಯತ್ಯಾಸವಿದೆ.

ಹಾಗಾದ್ರೆ ಕೊನೆಗೆ ನೀವು ಯಾವುದರ ಪರ? ಸುತ್ತಿ ಬಳಸಿ ಬೇಡ.

ಒಂದೇ ಸ್ಥಾನ ಇದ್ದರೆ ಒಪ್ಪಿಗೆ ಮತ. ಹಲವು ಸ್ಥಾನಗಳ ಸಮಿತಿಯಾದರೆ ವರ್ಗಾವಣೆಯಾಗುವ ಪ್ರಾಶಸ್ತ್ಯ ಮತ, ಅಂದರೆ ರಾಜ್ಯಸಭೆಯದು.

ನನ್ನ ಅಳತೆ ಒಂದೇ. ಸೋತವರ ಕಡೆಯವರು ತಾವೇ ಕುಳಿತು ಎಣಿಸಿ, "ಹೌದು, ಸೋತಿದ್ದೇವೆ" ಎಂದು ಒಪ್ಪಲು ಸಾಧ್ಯವಾಗಬೇಕು. ಅಷ್ಟಾದ ಮೇಲೆ ಯಾವುದು ಮತದಾರರನ್ನು ಕಡಿಮೆ ಹೆದರಿಸುತ್ತದೆ ಎಂದು ನೋಡುತ್ತೇನೆ. ಒಂದು ಸ್ಥಾನದ ಚುನಾವಣೆಯಲ್ಲಿ ಜೋಡಿ ಹೋಲಿಕೆ ತರ್ಕದಲ್ಲಿ ಒಪ್ಪಿಗೆ ಮತಕ್ಕಿಂತ ಮೇಲು ಎಂದು ನಾನೂ ಒಪ್ಪುತ್ತೇನೆ. ಆದರೆ ಅದನ್ನು ವಿವರಿಸಲು ಒಂದು ಸಂಜೆ ಬೇಕು. ಒಪ್ಪಿಗೆ ಮತಕ್ಕೆ ಒಂದು ವಾಕ್ಯ ಸಾಕು. ಪ್ರಚಾರಕ್ಕೆ ಹೊರಟವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಇದಕ್ಕಿಂತ ಉತ್ತಮವಾದದ್ದು ಬೇಕು ಎಂದು ನಮ್ಮ ನಮ್ಮಲ್ಲೇ ಜಗಳವಾಡುತ್ತಾ ಕೂರುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಸಂಘ ಪ್ರಾಶಸ್ತ್ಯ ಮತಕ್ಕೆ ಸಿದ್ಧವಿದ್ದರೆ ಅದನ್ನೇ ತನ್ನಿ, ನಾನು ಬಂದು ಎಣಿಕೆಗೆ ಕೂರುತ್ತೇನೆ.

ಒಪ್ಪಿಗೆ ಮತದಲ್ಲಿ ಜನ ಜಾಣತನ ಮಾಡಿ ಒಬ್ಬರಿಗೇ ಹಾಕಿದರೆ?

ಹಾಕಲಿ. ಎಲ್ಲರೂ ಒಬ್ಬೊಬ್ಬರಿಗೇ ಹಾಕಿದರೆ ಈಗಿನ ಪದ್ಧತಿಯಷ್ಟೇ ಆಗುತ್ತದೆ, ಅದಕ್ಕಿಂತ ಕೆಡುವುದಿಲ್ಲ. ನಿಜವಾದ ಬಿಕ್ಕಟ್ಟು ಇನ್ನೊಂದು ಕಡೆ ಇದೆ. ಒಂದೇ ಗುಂಪಿನ ಇಬ್ಬರು ನಿಂತು, ಪರಸ್ಪರ ಬೆಂಬಲಿಸಿದರೆ ಇಬ್ಬರಲ್ಲೊಬ್ಬರು ಗೆಲ್ಲುತ್ತಾರೆ ಎಂಬ ಸ್ಥಿತಿ. ಆಗ "ಅವರು ನಮಗೂ ಹಾಕಲಿ, ನಾವು ಅವರಿಗೆ ಹಾಕುವುದು ಬೇಡ" ಎಂದು ಎರಡೂ ಕಡೆಯವರು ಯೋಚಿಸಿದರೆ ಇಬ್ಬರೂ ಸೋಲುತ್ತಾರೆ. ಇದು ಈ ಪದ್ಧತಿಯ ಅತಿ ದೊಡ್ಡ ದೌರ್ಬಲ್ಯ. ಹಠ ಜಾಸ್ತಿ ಇರುವ ಕಡೆ ಇದು ಆಗುತ್ತದೆ.

ಇನ್ನೊಂದು ಆಕ್ಷೇಪವೂ ಬರುತ್ತದೆ. 100ರಲ್ಲಿ 55 ಜನರ ಮೊದಲ ಆಯ್ಕೆಯಾದವರು ಸೋಲಬಹುದು. ಆ 55ರಲ್ಲಿ 20 ಜನ ಇನ್ನೊಬ್ಬರಿಗೂ ಗುರುತು ಹಾಕಿ, ಉಳಿದ 45 ಜನರೂ ಆ ಇನ್ನೊಬ್ಬರಿಗೇ ಹಾಕಿದರೆ 65-55. ಇದನ್ನು ಅನ್ಯಾಯ ಎಂದು ನನಗೆ ಹೇಳಲಾಗದು. ಆ 20 ಜನ ತಾವಾಗಿಯೇ "ಅವರೂ ಆದೀತು" ಎಂದಿದ್ದಾರೆ. ಹಾಗೆನಿಸದವರು ಗುರುತು ಹಾಕಬೇಕಾಗಿಯೇ ಇರಲಿಲ್ಲ.

ನಮ್ಮ ಸೊಸೈಟಿಯಲ್ಲಿ ಒಂದೇ ಬಣದವರು ಅಷ್ಟೂ ಸೀಟು ಗೆಲ್ತಾರೆ. ಇದಕ್ಕೂ ಒಪ್ಪಿಗೆ ಮತವೇ ಮದ್ದಾ?

ಅಲ್ಲ, ಇಲ್ಲಿ ಅದು ಕೆಲಸ ಮಾಡುವುದಿಲ್ಲ. ಶಿರಸಿ ಸೀಮೆ ಸಹಕಾರದ ನೆಲ. ತೋಟಗಾರರ ಮಾರಾಟ ಸಂಘ 1923ರಷ್ಟು ಹಿಂದೆಯೇ ಹುಟ್ಟಿದ ಊರು. ಆದ್ದರಿಂದ ಈ ಪ್ರಶ್ನೆ ನಮ್ಮಲ್ಲಿ ಜಾಸ್ತಿ ಬರುವುದು ಸಹಜ.

ಸದಸ್ಯರು 500, ಸ್ಥಾನ 9 ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ 9 ವೋಟು. ಒಂದು ಬಣದ ಹಿಂದೆ 300 ಜನ, ಇನ್ನೊಂದರ ಹಿಂದೆ 200. ಎಲ್ಲರೂ ತಮ್ಮ ಬಣದ ಪಟ್ಟಿಯನ್ನೇ ನೋಡಿ ಗುರುತು ಹಾಕಿದರೆ ಮೊದಲ ಬಣದ ಒಂಬತ್ತೂ ಜನ 300 ಪಡೆಯುತ್ತಾರೆ. ಫಲಿತಾಂಶ 9-0. ಒಪ್ಪಿಗೆ ಮತ ತಂದರೂ ಇದೇ ಆಗುತ್ತದೆ.

ವರ್ಗಾವಣೆಯಾಗುವ ಪ್ರಾಶಸ್ತ್ಯ ಮತದಲ್ಲಿ ಪ್ರತಿಯೊಬ್ಬರಿಗೂ ಒಂದೇ ವೋಟು, ಆದರೆ 1, 2, 3 ಎಂದು ಸಾಲು ಬರೆಯಬಹುದು. ಒಂಬತ್ತು ಸ್ಥಾನಕ್ಕೆ ಕೋಟಾ ಎಂದರೆ 500ನ್ನು 10ರಿಂದ ಭಾಗಿಸಿ ಒಂದು ಸೇರಿಸಿ 51. ಕೋಟಾ ದಾಟಿದವರ ಹೆಚ್ಚುವರಿ ಮತ ಮುಂದಿನವರಿಗೆ ಹೋಗುತ್ತದೆ. 300 ಜನರ ಬಣಕ್ಕೆ ಐದು ಕೋಟಾ ತುಂಬಿ 45 ಉಳಿಯುತ್ತದೆ. 200 ಜನರ ಬಣಕ್ಕೆ ಮೂರು ತುಂಬಿ 47 ಉಳಿಯುತ್ತದೆ. ಕೊನೆಯ ಸ್ಥಾನ 47ರವರಿಗೆ. ಒಟ್ಟು 5-4. ದೊಡ್ಡ ಬಣದ ಕೈಯಲ್ಲೇ ಆಡಳಿತ ಇರುತ್ತದೆ, ಆದರೆ ಲೆಕ್ಕಪತ್ರ ಕೇಳುವ ನಾಲ್ಕು ಜನ ಎದುರಿಗೆ ಕೂರುತ್ತಾರೆ. ಸಂಘದ ಆರೋಗ್ಯಕ್ಕೆ ಇದು ಎಷ್ಟು ಮುಖ್ಯ ಎಂದು ಸಂಘ ನಡೆಸಿದವರಿಗೆ ಗೊತ್ತು.

ಇಷ್ಟು ಎಣಿಕೆ ಕಷ್ಟ ಎನಿಸಿದರೆ ಇನ್ನೂ ಸರಳವಾದದ್ದು ಒಂದಿದೆ. 9 ಸ್ಥಾನಕ್ಕೆ ಪ್ರತಿಯೊಬ್ಬರಿಗೆ 5 ಅಥವಾ 6 ವೋಟು ಮಾತ್ರ ಕೊಡುವುದು. ಒಂದು ಬಣ ಅಷ್ಟನ್ನೂ ಬಾಚಿಕೊಳ್ಳುವುದು ಕಷ್ಟವಾಗುತ್ತದೆ.

ನೋಂದಾಯಿತ ಸಹಕಾರ ಸಂಘಗಳು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ, ಅದರ ನಿಯಮಗಳಿಗೆ ಬದ್ಧ. ಮೀಸಲು ಸ್ಥಾನಗಳ ಲೆಕ್ಕವೂ ಅದರಲ್ಲೇ ಇದೆ. ಸರ್ವಸಾಧಾರಣ ಸಭೆಯಲ್ಲಿ ಕೈ ಎತ್ತಿ ಇದನ್ನು ಬದಲಿಸಲು ಬರುವುದಿಲ್ಲ. ಕಾಯ್ದೆಯೇ ಬದಲಾಗಬೇಕು, ಅದಕ್ಕೆ ಶಾಸಕರ ಬಳಿ ಹೋಗಬೇಕು.

## ಜಾರಿಗೆ ತರುವಾಗ

ಓದು ಬರಹ ಬಾರದ ಅಜ್ಜಿ ಏನು ಮಾಡಬೇಕು?

1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯದ ಮಾತು ಬಂದಾಗ ಅಂಬೇಡ್ಕರ್ ಅವರು ವಿರೋಧಿಸಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ದೊಡ್ಡ ಪ್ರಮಾಣದ ಅಕ್ಷರಜ್ಞಾನ ಇಲ್ಲದೆ ಅದು ನಡೆಯದು ಎಂದರು. ಅಂದಿನ ಸ್ಥಿತಿಗೆ ಅದು ಸರಿಯಾದ ಮಾತು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ 18ರಷ್ಟಿತ್ತು. 2011ರಲ್ಲಿ ನಮ್ಮ ಜಿಲ್ಲೆಯದು ಶೇ 84ರಷ್ಟು.

ಆದರೂ ಉಳಿದವರನ್ನು ಬಿಡುವಂತಿಲ್ಲ. ಒಪ್ಪಿಗೆ ಮತದಲ್ಲಿ ಅಂಕಿಯೇ ಬೇಡ. ಚಿಹ್ನೆ ನೋಡಿ ಮುದ್ರೆ ಒತ್ತುವುದು ಅಜ್ಜಿಗೆ ನಮಗಿಂತ ಚೆನ್ನಾಗಿ ಗೊತ್ತು. ಎರಡು ಕಡೆ ಒತ್ತಿದರೂ ಮತ ತಿರಸ್ಕೃತವಾಗುವುದಿಲ್ಲ.

ಎಂಎಲ್‌ಎ, ಎಂಪಿ ಚುನಾವಣೆಗೆ ಇದು ಬರೋದು ಸಾಧ್ಯವಾ? ಇವಿಎಂ ಒಪ್ಪುತ್ತಾ?

ಕ್ಷೇತ್ರಗಳಿಂದ ನೇರ ಚುನಾವಣೆ ಆಗಬೇಕು ಎಂದು ಸಂವಿಧಾನ ಹೇಳುತ್ತದೆ. ಮತ ಹಾಕುವ, ಎಣಿಸುವ ವಿವರಗಳು ಜನಪ್ರತಿನಿಧಿ ಕಾಯ್ದೆ ಮತ್ತು 1961ರ ಚುನಾವಣಾ ನಿಯಮಗಳಲ್ಲಿವೆ. ಅದನ್ನು ಬದಲಿಸುವ ಅಧಿಕಾರ ಸಂಸತ್ತಿನದು, ಕೇಂದ್ರ ಸರ್ಕಾರದ್ದು. ಈಗಿನ ಯಂತ್ರ ಒಂದು ಗುಂಡಿ ಒತ್ತಿದ ಕೂಡಲೇ ಲಾಕ್ ಆಗುತ್ತದೆ, ಆದ್ದರಿಂದ ಯಂತ್ರವನ್ನೂ ಬದಲಿಸಬೇಕು. ಅದು ಆಗದ ಕೆಲಸವಲ್ಲ. ಮಹಾರಾಷ್ಟ್ರದ ನಗರಪಾಲಿಕೆಗಳಲ್ಲಿ ಒಂದೇ ವಾರ್ಡಿನಿಂದ ಹಲವರನ್ನು ಆರಿಸುವಾಗ ಮತದಾರರು ಯಂತ್ರದಲ್ಲೇ ಒಂದಕ್ಕಿಂತ ಹೆಚ್ಚು ವೋಟು ಹಾಕುತ್ತಾರೆ.

ಮನಸ್ಸು ಬರುವುದೇ ಕಷ್ಟ. ಈಗಿನ ನಿಯಮದಿಂದ ಗೆದ್ದವರೇ ನಿಯಮ ಬದಲಿಸಬೇಕು. 2018ರಲ್ಲಿ ನಮ್ಮ ರಾಜ್ಯದಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು ಮತ, ಸುಮಾರು 80 ಸ್ಥಾನ. ಬಿಜೆಪಿಗೆ ಶೇ 36ರಷ್ಟು ಮತ, 104 ಸ್ಥಾನ. ಇನ್ನೊಂದು ಸಲ ಇದೇ ಲೆಕ್ಕ ಇನ್ನೊಂದು ಪಕ್ಷದ ಪರ ತಿರುಗುತ್ತದೆ. ನಷ್ಟವಾದ ವರ್ಷ ಎಲ್ಲರೂ ದೂರುತ್ತಾರೆ, ಲಾಭವಾದ ವರ್ಷ ಸುಮ್ಮನಿರುತ್ತಾರೆ. ಅದಕ್ಕೇ ನಾನು ಊರಿನ ಸಂಘಗಳಿಂದ ಶುರು ಮಾಡಿ ಎನ್ನುವುದು.

ಚುನಾವಣೆಯೇ ಬೇಡ, ಅವಿರೋಧ ಆಯ್ಕೆ ಒಳ್ಳೆಯದು ಅಂತಾರೆ ನಮ್ಮ ಹಿರಿಯರು. ಅವರಿಗೆ ಏನು ಹೇಳೋದು?

ಅವರ ಕಾಳಜಿ ಸುಳ್ಳಲ್ಲ. ಒಂದು ಚುನಾವಣೆಯಿಂದ ಅಣ್ಣತಮ್ಮಂದಿರ ಮನೆಗಳು ಮಾತು ಬಿಟ್ಟ ಊರುಗಳಿವೆ. ಆದರೆ ಅವಿರೋಧ ಎಂದರೆ ಎಲ್ಲರೂ ಒಪ್ಪಿದ್ದಾರೆ ಎಂದೇನೂ ಅಲ್ಲ. ಕೆಲವರು ಎದುರು ಮಾತಾಡಲು ಹೆದರಿರುತ್ತಾರೆ, ಹೆಂಗಸರನ್ನು, ಹುಡುಗರನ್ನು ಕೇಳಿರುವುದೇ ಇಲ್ಲ. ಹಿರಿಯರಿಗೆ ಹೀಗೆ ಹೇಳಿ ನೋಡಿ: "ನೀವು ಸೂಚಿಸುವ ಹೆಸರುಗಳನ್ನೇ ಚೀಟಿಯಲ್ಲಿ ಹಾಕೋಣ. ಯಾರು ಯಾರು ಒಪ್ಪಿಗೆಯೋ ಎಲ್ಲರಿಗೂ ಗುರುತು ಹಾಕಲಿ, ಗುಟ್ಟಾಗಿ." ಒಬ್ಬರನ್ನು ಆರಿಸಲು ಇನ್ನೊಬ್ಬರನ್ನು ತಳ್ಳಬೇಕಾಗಿಲ್ಲವಾದ್ದರಿಂದ ಮನಸ್ತಾಪ ಕಡಿಮೆ.

ನಮ್ಮ ಯುವಕ ಮಂಡಳಿಯ ಅಧ್ಯಕ್ಷರ ಆಯ್ಕೆಗೆ ಈಗಲೇ ಮಾಡಬೇಕು ಅಂದ್ರೆ ಹೇಗೆ?

ನೋಂದಣಿಯಾದ ಸಂಘವಾದರೆ ಮೊದಲು ಬೈಲಾ ನೋಡಿ. ಆಯ್ಕೆಯ ರೀತಿಯನ್ನು ಅದರಲ್ಲಿ ಬರೆದಿದ್ದರೆ ತಿದ್ದುಪಡಿ ಬೇಕು. ಗಣೇಶೋತ್ಸವ ಸಮಿತಿಯಂಥ ನೋಂದಣಿಯಿಲ್ಲದ ಗುಂಪಾದರೆ ಸಭೆಯಲ್ಲಿ ಒಪ್ಪಿದರೆ ಸಾಕು.

ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಒಪ್ಪಿಗೆಯಾಗುವ ಎಲ್ಲರಿಗೂ ಗುರುತು ಹಾಕಿ" ಎಂದು ಬರೆಯಿರಿ. ಸಮ ಬಂದರೆ ಏನು ಎಂದು ಮತದಾನಕ್ಕೆ ಮೊದಲೇ ತೀರ್ಮಾನಿಸಿ. ಚೀಟಿ ಎತ್ತುವುದಾದರೆ ಹಾಗೆಂದು ಹೇಳಿಬಿಡಿ, ಸರ್ಕಾರಿ ಚುನಾವಣೆಯಲ್ಲೂ ಅದೇ ನಿಯಮ. ಎಣಿಸುವಾಗ ಒಬ್ಬರು ಚೀಟಿ ಓದಲಿ, ಒಬ್ಬರು ಕರಿಹಲಗೆಯ ಮೇಲೆ ಗೆರೆ ಎಳೆಯಲಿ, ಪ್ರತಿ ಅಭ್ಯರ್ಥಿಯ ಕಡೆಯವರೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಒಟ್ಟು ಗುರುತುಗಳು ಒಟ್ಟು ಚೀಟಿಗಳಿಗಿಂತ ಜಾಸ್ತಿ ಇರುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ಯಾರಾದರೂ ಕಳ್ಳ ವೋಟು ಎಂದು ಕೂಗುತ್ತಾರೆ.

ಒಂದು ಷರತ್ತನ್ನೂ ಸೇರಿಸಿಕೊಳ್ಳಬಹುದು. ವೋಟು ಹಾಕಿದವರಲ್ಲಿ ಅರ್ಧದಷ್ಟೂ ಜನರ ಒಪ್ಪಿಗೆ ಯಾರಿಗೂ ಸಿಗದಿದ್ದರೆ ಹೊಸ ಹೆಸರುಗಳನ್ನು ಕರೆದು ಮತ್ತೆ ನಡೆಸುವುದು.

ಹೊಸದನ್ನು ತಂದು, ಜನ ಬೇಡ ಅಂದುಬಿಟ್ಟರೆ?

ಹಿಂದಕ್ಕೆ ಹೋಗಬಹುದು. ಬರ್ಲಿಂಗ್ಟನ್‌ನವರು 2009ರ ಫಲಿತಾಂಶದಿಂದ ಬೇಸರಗೊಂಡು 2010ರಲ್ಲಿ ಪ್ರಾಶಸ್ತ್ಯ ಮತವನ್ನು ಕೈಬಿಟ್ಟರು. ಹತ್ತು ವರ್ಷ ಕಳೆದ ಮೇಲೆ ಅದೇ ಊರು ಅದನ್ನು ಮತ್ತೆ ತಂದುಕೊಂಡಿತು.

ಮೊದಲ ನಿರ್ಣಯದಲ್ಲೇ "ಎರಡು ಚುನಾವಣೆ ಆದ ಮೇಲೆ ಮತ್ತೆ ಚರ್ಚಿಸುವುದು" ಎಂದು ಬರೆದಿಟ್ಟರೆ ವಿರೋಧಿಸುವವರೂ ಪ್ರಯೋಗಕ್ಕೆ ಒಪ್ಪುತ್ತಾರೆ. ಆ ಚರ್ಚೆಗೆ ಲೆಕ್ಕ ಬೇಕಲ್ಲ. ಅದಕ್ಕಾಗಿ ಎಣಿಕೆ ಮುಗಿದ ಮೇಲೂ ಚೀಟಿಗಳನ್ನು ಕವರಿನಲ್ಲಿ ಹಾಕಿ, ಎಲ್ಲ ಕಡೆಯವರ ಸಹಿ ಮಾಡಿಸಿ ಇಟ್ಟುಕೊಳ್ಳಿ. ಎಷ್ಟು ಜನ ಒಬ್ಬರಿಗೇ ಹಾಕಿದರು, ಎಷ್ಟು ಜನ ಇಬ್ಬರಿಗೆ ಅಥವಾ ಹೆಚ್ಚು ಜನರಿಗೆ ಹಾಕಿದರು, ಗೆದ್ದವರಿಗೆ ಎಷ್ಟು ಜನರ ಒಪ್ಪಿಗೆ ಸಿಕ್ಕಿತು ಎಂದು ಆ ಚೀಟಿಗಳಿಂದಲೇ ಎಣಿಸಿ ಸಭೆಯ ಮುಂದಿಡಿ.